ಧಣಿಗೊಂದು ಬಾಲ್ಯ ಬೇಕಾಗಿದೆ

ಧಣಿಗೆ ತಾಯಿ ಇರಬೇಕೋ ಬೇಡವೋ, ಇದ್ದರೆ ಅವಳು ಅವನ ಎಷ್ಟನೇ ವಯಸ್ಸಿನಲ್ಲಿ ಸಾಯಬೇಕು ಎಂಬ ಚರ್ಚೆ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಊಟದ ಹೊತ್ತು ದಾಟಿದರೂ ಮುಗಿದಿರಲಿಲ್ಲ. ಐದು ಎಂದರು ಸ್ವಲ್ಪ ಸಾರ್. ಐದು ತೀರಾ ಚಿಕ್ಕದಾಯಿತು, ಏಳು ಮಾಡಿ ಎಂದ ಚಿತ್ರ ಬಿಡಿಸುವವನು. ಹಳೆಯ ಆಟವೊಂದಕ್ಕೆ ಬಿಡಿಸಿದ್ದ ಏಳು ವರ್ಷದ ಹುಡುಗನೊಬ್ಬ ಅವನ ಬಳಿ ಬಿಟ್ಟಿ ಬಿದ್ದಿದ್ದ. ಮೇಜಿನ ತುದಿಯಲ್ಲಿ ಕೂತಿದ್ದ ಘೋಷಣೆ ಮಾತ್ರ, ಸಾಯಿಸಲೇಬೇಕೆಂದಿದ್ದರೆ ಧಣಿಯನ್ನೇ ಸಾಯಿಸೋಣ, ಆ ಹೆಂಗಸು ನಿಮಗೇನು ಮಾಡಿದ್ದಳು ಎಂದು ಕೇಳಿದಳು.

ಕನ್ನಡಕದಂಗಡಿಯ ಮೇಲಿನ ಮೂರು ಕೋಣೆಗಳಲ್ಲಿ ಆರು ಜನ ಸೇರಿ ವಿಡಿಯೋ ಗೇಮ್ ಮಾಡುತ್ತಿದ್ದರು. ಆರು ಜನರಲ್ಲಿ ಒಬ್ಬರು ಯಜಮಾನರು. 'ಸ್ವಲ್ಪ' ಎಂಬ ಪದವಿಲ್ಲದೆ ಅವರ ಬಾಯಿಂದ ವಾಕ್ಯ ಹೊರಡುತ್ತಿರಲಿಲ್ಲವಾದ್ದರಿಂದ ಅವರು ಸ್ವಲ್ಪ ಸಾರ್. ಕಟ್ಟಡಕ್ಕೆ ಬೆಂಕಿ ಬಿದ್ದರೂ 'ಸ್ವಲ್ಪ ಸೆಕೆ ಅಲ್ವಾ' ಎನ್ನುವ ಮನುಷ್ಯ. ಆಟದ ಕಥೆ, ಮಾತು ಬರೆಯುವವಳು ಘೋಷಣೆ. ಈ ಕೆಲಸಕ್ಕೆ ಬರುವ ಮೊದಲು ಅವಳು ಮೆರವಣಿಗೆಗಳಿಗೆ ಫಲಕ ಬರೆಯುತ್ತಿದ್ದಳು. ನಲವತ್ತು ಹೆಜ್ಜೆ ದೂರದಿಂದ ಓದಲಾಗದ ವಾಕ್ಯ ಅವಳ ಪ್ರಕಾರ ವಾಕ್ಯವೇ ಅಲ್ಲ. ಹಾಗಾಗಿ ಅವಳ ಆಟದಲ್ಲಿ ಯಾರೂ ಐದು ಪದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ, ನಾಯಿಗಳಂತೂ ಒಂದೇ ಸಲ ಬೊಗಳುತ್ತಿದ್ದವು. ಇನ್ನು ಪ್ರೋಗ್ರಾಮ್ ಬರೆಯುವ ಹುಡುಗಿ ಹೆಡ್‌ಫೋನು. ಅವಳ ಹೆಡ್‌ಫೋನಿನಲ್ಲಿ ಹಾಡು ಗೀಡು ಏನೂ ಇರಲಿಲ್ಲ, ಸ್ವಲ್ಪ ಸಾರ್ ಅವರ ಮಾತು ಕೇಳಿಸದಿದ್ದರೆ ಸಾಕಿತ್ತು. ಬಾಯಿಮಾತು ಅವಳಿಗೆ ಬೇಕಿಲ್ಲ. ಆಟದಲ್ಲಿ ಏನೇನಾಗಬೇಕೆಂದು ಶೀಟಿನಲ್ಲಿ ಬರೆದದ್ದನ್ನು ಬರೆದ ಹಾಗೆ ಮಾಡಿಕೊಡುತ್ತಿದ್ದಳು.

ಆಟದ ಹೆಸರು 'ಗೇಟು'. ಬೀಗ ಬಿದ್ದ ನೂಲಿನ ಗಿರಣಿಯ ಮುಂದೆ ನಲವತ್ತು ಹೆಂಗಸರು ನಿಂತಿದ್ದಾರೆ. ಆಡುವವರು ಅವರಲ್ಲೊಬ್ಬಳಾಗಿ, ನಾಯಿಗಳನ್ನೂ ಕಾವಲುಗಾರರನ್ನೂ ಮಹಡಿ ತುಂಬ ಕಡತ ಹಿಡಿದು ಅಡ್ಡ ನಿಂತ ಗುಮಾಸ್ತರನ್ನೂ ದಾಟಿ, ಮೇಲಿನ ಕೋಣೆಯ ಧಣಿಯನ್ನು ಸೋಲಿಸಿ, ಬೀಗದ ಕೈ ಕಿತ್ತುಕೊಂಡು ಬಂದು ಗೇಟು ತೆಗೆಯಬೇಕು. ಆಯುಧ, ನೂಲು ಸುತ್ತಿದ ಬಾಬಿನ್ನು. ಧಣಿಗೆ ದನಿ ಕೊಟ್ಟವರು ಕೆಳಗಿನ ಕನ್ನಡಕದಂಗಡಿಯವರು, ಅದೂ ಶೀತವಾದ ದಿನಗಳಲ್ಲಿ ಮಾತ್ರ. ಆರೋಗ್ಯವಾಗಿದ್ದಾಗ ಅವರ ದನಿಯಲ್ಲಿ ಕ್ರೌರ್ಯ ಸಾಲುತ್ತಿರಲಿಲ್ಲ.

ಈ ಕಥೆ ಘೋಷಣೆಯ ತಲೆಯಲ್ಲಿ ಹುಟ್ಟಿದ್ದಲ್ಲ. ಅವಳ ಅಮ್ಮ ಇಪ್ಪತ್ತೆರಡು ವರ್ಷ ದುಡಿದ ಗಿರಣಿಗೆ ಒಂದು ಸೋಮವಾರ ಹೀಗೆಯೇ ಬೀಗ ಬಿದ್ದಿತ್ತು. ನಲವತ್ತು ಹೆಂಗಸರು ಧಣಿಯ ಕೋಣೆಯವರೆಗೂ ನುಗ್ಗಿದ್ದರು. ಕಾವಲುಗಾರರು ದೊಣ್ಣೆಯಿಂದ ಹೊಡೆದು ಮೆಟ್ಟಿಲಿಳಿಸಿದರು ಎಂದು ಅಮ್ಮ ಅಂದು ಸಂಜೆ ಮನೆಗೆ ಬಂದು ಹೇಳಿದಳು. ಹದಿನಾಲ್ಕು ವರ್ಷದ ಮಗಳು ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 'ದೊಣ್ಣೆ' ಎಂಬ ಪದ್ಯ ಬರೆದಳು. ಓದುಗರ ಬಳಗವೊಂದು ಅವಳನ್ನು ಕರೆಸಿ ಅದನ್ನು ಓದಿಸಿತು. ಫಲಕ, ಮೆರವಣಿಗೆ, ಅಡ್ಡಹೆಸರು ಎಲ್ಲ ಅಲ್ಲಿಂದ ಮುಂದೆ. ಗೇಟು ಮಾತ್ರ ತೆರೆಯಲೇ ಇಲ್ಲ. ಆ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಮ್ಮ ಆಟದಲ್ಲಾದರೂ ಒಂದು ಸಲ ಆ ಗೇಟನ್ನು ಕೈಯಾರೆ ತೆಗೆಯಬೇಕು ಎಂಬುದೊಂದೇ ಘೋಷಣೆಯ ಆಸೆ. ಸ್ವಲ್ಪ ಸಾರ್ ಅವರನ್ನು ಎರಡು ವರ್ಷ ಸಹಿಸಿದ್ದು ಅದಕ್ಕಾಗಿಯೇ.

ಆಟ ಸಿದ್ಧವಾದಷ್ಟನ್ನು ಆಡಿ ನೋಡುವುದೂ ಅಮ್ಮನದೇ ಕೆಲಸ. ಓಡುವ ಯಂತ್ರದ ಮೇಲೆಯೇ ಕಡಿದ ಎಳೆಗೆ ಗಂಟು ಹಾಕಿ ಪಳಗಿದ ಬೆರಳುಗಳವು, ಕಂಟ್ರೋಲರಿನ ಎಂಟು ಗುಂಡಿ ಅವಕ್ಕೆ ಯಾವ ಮೂಲೆಗೆ. ಕಾಲೇಜಿನ ಹುಡುಗರು ಎರಡನೇ ಮಹಡಿಯ ಗುಮಾಸ್ತರ ಕೈಗೆ ಸಿಕ್ಕಿ ಒದ್ದಾಡುವಾಗ ಅಮ್ಮ ಕನ್ನಡಕ ಹಣೆಗೇರಿಸಿಕೊಂಡು ಮೂರನೇ ಮಹಡಿಯಲ್ಲಿರುತ್ತಿದ್ದಳು. ಅವಳ ತಕರಾರು ಒಂದೇ. ನೂಲು ಸುತ್ತಿದ ಬಾಬಿನ್ನನ್ನು ನಾಯಿಯ ಮೇಲೆ ಎಸೆಯುವ ಹೆಂಗಸು ಈ ಭೂಮಿಯ ಮೇಲೆ ಹುಟ್ಟಿಲ್ಲ, ಆಮೇಲೆ ಆ ಸಿಕ್ಕು ಬಿಡಿಸುವವರು ಯಾರು ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

ಧಣಿಯ ಕೋಣೆಯೊಂದು ಬಾಕಿ ಇತ್ತು. ಅಷ್ಟರಲ್ಲಿ ಆಟಕ್ಕೆ ಬಂಡವಾಳ ಹಾಕಿದ ಮೇಡಂ ಅವರಿಂದ ಎರಡು ಸಾಲಿನ ಪತ್ರ ಬಂತು. ಖಳನಿಗೆ ಆಳವಿಲ್ಲ, ಅವನಿಗೂ ಒಂದು ದುರಂತದ ಹಿಂದಿನ ಕಥೆ ಬೇಕು, ಈಗಿನ ಆಟಗಳಲ್ಲೆಲ್ಲ ಹಾಗೇ. ಶನಿವಾರ ಬಂದು ನೋಡುತ್ತೇನೆ.

ಸ್ವಲ್ಪ ಸಾರ್ ಅವರಿಗೆ ಆಳ ಎಂದರೆ ತುಂಬಾ ಇಷ್ಟ. ಧಣಿಯ ಬಾಲ್ಯವನ್ನು ತಾವೇ ಕೂತು ಬರೆದರು, ಎಂಟು ನಿಮಿಷದ್ದು. ತಾಯಿ ಐದಕ್ಕೂ ಅಲ್ಲದೆ ಏಳಕ್ಕೂ ಅಲ್ಲದೆ ಆರಕ್ಕೆ ಸತ್ತಳು. ತಂದೆ ಬೆಲ್ಟಿನಲ್ಲಿ ಹೊಡೆದು ಹುಡುಗನನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದ. ಇಷ್ಟು ಓದಿ, ಕನ್ನಡಕ ತೆಗೆದು, ಎಲ್ಲರನ್ನೂ ಒಮ್ಮೆ ನೋಡಿ, "ಅದಕ್ಕೇ ದೊಡ್ಡೋನಾದ್ಮೇಲೆ ಗಿರಣಿಗೆ ಬೀಗ ಹಾಕ್ತಾನೆ. ಸ್ವಲ್ಪ ಯೋಚನೆ ಮಾಡಿ ನೋಡಿ," ಎಂದರು.

"ನಮ್ಮಮ್ಮನ್ನೂ ಅವರಪ್ಪ ಎಷ್ಟೋ ಸಲ ಕೋಣೇಲಿ ಕೂಡಿ ಹಾಕಿದಾರೆ ಸಾರ್," ಎಂದಳು ಘೋಷಣೆ. "ಅವಳ್ಯಾಕೆ ಒಂದು ಗಿರಣೀನೂ ಮುಚ್ಚಿಲ್ಲ?"

ನಿಮ್ಮಮ್ಮನ ಹತ್ತಿರ ಗಿರಣಿ ಇರಲಿಲ್ಲವಲ್ಲ ಎಂದರು ಸ್ವಲ್ಪ ಸಾರ್. ಆಡಿದ ಮೇಲೆ ಆ ಮಾತು ತಮ್ಮ ಪಕ್ಷದ್ದೋ ಅವಳ ಪಕ್ಷದ್ದೋ ಎಂದು ಅವರಿಗೇ ಅನುಮಾನ ಬಂತು.

ಘೋಷಣೆ ಬಿಡಲಿಲ್ಲ. ಈ ಆಟದಲ್ಲಿ ನಲವತ್ತು ಹೆಂಗಸರಿದ್ದಾರೆ, ಶೀಟಿನಲ್ಲಿ ಅವರ ಹೆಸರು ಹೆಂಗಸು ಒಂದರಿಂದ ಹೆಂಗಸು ನಲವತ್ತು. ಅವರಲ್ಲಿ ಯಾರಿಗೂ ತಾಯಿ ಸತ್ತಿಲ್ಲವೇ, ಯಾರೂ ಬೆಲ್ಟಿನ ಏಟು ತಿಂದಿಲ್ಲವೇ ಎಂದು ಕೇಳಿದಳು. ಹೊಟ್ಟೆ ತುಂಬಿದವನಿಗೆ ಮಾತ್ರ ಬಾಲ್ಯ ಇರುತ್ತದೆ, ಉಳಿದವರೆಲ್ಲ ಹುಟ್ಟುವಾಗಲೇ ಮೂವತ್ತೈದು ವರ್ಷದವರು ಎಂಬುದು ಯಾವ ನ್ಯಾಯ. ಅವನಿಗೊಂದು ಬಾಲ್ಯ ಕೊಟ್ಟರೆ ನಾನು ನಲವತ್ತು ಬಾಲ್ಯ ಬರೆಯುತ್ತೇನೆ ಎಂದಳು. ನಲವತ್ತು ಬಾಲ್ಯಕ್ಕೆ ಕಂಪ್ಯೂಟರಿನಲ್ಲಿ ಮೆಮೊರಿ ಸಾಲುವುದಿಲ್ಲ ಎಂದು ಹೆಡ್‌ಫೋನು ಅಂದಿನ ಮೊದಲ ಮಾತಾಡಿದಳು. ಬಡವರ ವಿಷಯ ಬಂದಾಗೆಲ್ಲ ಏನಾದರೊಂದು ಸಾಲದೇ ಬರುವುದು ಘೋಷಣೆಗೆ ಹೊಸದೇನಲ್ಲ.

ಕೊನೆಗೆ ಅವಳು ಸೋತಂತೆ ಮಾಡಿದಳು. ಬಾಲ್ಯ ಇರಲಿ, ಧಣಿಯ ಕೋಣೆಗೆ ಹೋಗುವ ದಾರಿಯಲ್ಲಿ ತುಣುಕು ತುಣುಕಾಗಿ ಬರಲಿ. ಆದರೆ ಪರದೆಯ ಮೂಲೆಯಲ್ಲಿ ನನಗೊಂದು ಅಳತೆ ಬೇಕು. ಒಂದು ಪುಟ್ಟ ಕೊಡ, ಅದರ ಪಕ್ಕ ಹೆಸರು. ಅಲ್ಲಿ ಎರಡಕ್ಷರಕ್ಕಷ್ಟೇ ಜಾಗವಿದೆ ಎಂದ ಚಿತ್ರ ಬಿಡಿಸುವವನು. ಎರಡೇ ಸಾಕು ಎಂದು ಅವಳು ಶೀಟಿನಲ್ಲಿ ಬರೆದಳು: ಪಾಪ. ಧಣಿ ಒಂದೊಂದು ಅನ್ಯಾಯ ಮಾಡಿದಾಗಲೂ ಕೊಡ ಏರಬೇಕು, ತುಂಬಿದಾಗ ಕೊನೆಯ ಏಟು. ಎಂಟು ನಿಮಿಷದ ಬಾಲ್ಯ ನೋಡಿ ಕರಗುವವರ ಕಣ್ಣೆದುರಿಗೇ ಅವನ ಪಾಪದ ಕೊಡ ತುಂಬುತ್ತಿರಬೇಕು ಎಂಬುದು ಅವಳ ಉಪಾಯ.

ಸಂಜೆ ಆ ಶೀಟು ಸ್ವಲ್ಪ ಸಾರ್ ಮೇಜಿಗೆ ಹೋಯಿತು. ಓದಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಫಲಕದ ಹುಡುಗಿಗೆ ಕೊನೆಗೂ ಮನಸ್ಸು ಕರಗಿದೆ! ಪಾಪ, ಅಯ್ಯೋ ಪಾಪ! ಕನಿಕರವನ್ನು ಅಳೆಯುವ ಕೊಡ, ಕೊಡದಲ್ಲಿ ಕಣ್ಣೀರು! ಆದರೆ ಕನಿಕರ ತುಂಬಿದ ಮೇಲೆ ಏಟು ಹೊಡೆಯುವುದೆಂದರೇನು, ಅವಸರದಲ್ಲಿ ತಪ್ಪಿ ಬರೆದಿದ್ದಾಳೆ ಎಂದುಕೊಂಡು 'ಕೊನೆಯ ಏಟು' ಎಂಬುದಕ್ಕೆ ಅಡ್ಡಗೆರೆ ಎಳೆದು 'ಕೈ ತಾನಾಗಿ ಇಳಿಯಬೇಕು' ಎಂದು ಬರೆದರು. ಬಾಲ್ಯದ ಒಂದೊಂದು ತುಣುಕಿಗೂ ಕೊಡ ಏರಲಿ ಎಂದು ಇನ್ನೊಂದು ಸಾಲು ಸೇರಿಸಿ ಹೆಡ್‌ಫೋನಿಗೆ ಕೊಟ್ಟರು. ಹೆಡ್‌ಫೋನು ಬರೆದದ್ದನ್ನು ಬರೆದ ಹಾಗೆ ಮಾಡಿದಳು.

ಶನಿವಾರ ಬೆಳಗ್ಗೆ ಮೇಡಂ ಬಂದರು. ಕನ್ನಡಕದಂಗಡಿಯವರೂ ತಮ್ಮ ದನಿ ಕೇಳಲು ಮೇಲೆ ಬಂದು ಬಾಗಿಲಿಗೊರಗಿ ನಿಂತರು. ಇರುವ ಒಂದೇ ಮೆತ್ತನೆಯ ಕುರ್ಚಿಯನ್ನು ಮೇಡಂ ಅವರಿಗೆ ಸರಿಸಿದರೆ, ಆಡುವವರು ಕೂರಲಿ ಎಂದು ಅವರು ಅದನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಅಮ್ಮ ಕನ್ನಡಕ ಹಣೆಗೇರಿಸಿ ಶುರು ಮಾಡಿದಳು. ನಾಯಿಗಳನ್ನು ಬಾಬಿನ್ನು ಖರ್ಚು ಮಾಡದೆ ಗೋಡೆ ಹತ್ತಿ ದಾಟಿದಳು. ಗುಮಾಸ್ತರನ್ನು ಅವರದೇ ಕಡತಗಳ ಮೇಲೆ ಜಾರಿಸಿ ಬೀಳಿಸಿದಳು. ಧಣಿ ಕುಡಿಯುವ ನೀರಿನ ನಲ್ಲಿ ನಿಲ್ಲಿಸಿದ, ಕೊಡ ಏರಿತು. ಗರ್ಭಿಣಿಯೊಬ್ಬಳನ್ನು ಹೊರಗೆ ದಬ್ಬಿಸಿದ, ಕೊಡ ಏರಿತು. ಘೋಷಣೆ ತೃಪ್ತಿಯಿಂದ ಕೈ ಕಟ್ಟಿಕೊಂಡಳು. ನಡುವೆ ಆರು ವರ್ಷದ ಹುಡುಗ (ಚಿತ್ರದಲ್ಲಿ ಏಳು) ಬೀಗದ ಬಾಗಿಲು ಬಡಿದ, ಆಗಲೂ ಕೊಡ ಏರಿತು. ಘೋಷಣೆ ಕಟ್ಟಿದ ಕೈ ಬಿಟ್ಟಳು.

ಅಮ್ಮ ಧಣಿಯ ಕೋಣೆಯ ಬಾಗಿಲು ಒದ್ದು ಒಳಗೆ ಹೋಗುವ ಹೊತ್ತಿಗೆ ಕೊಡ ತುಂಬಿ ತುಳುಕುತ್ತಿತ್ತು. ಧಣಿ ಎದ್ದು ನಿಂತ. ಅಮ್ಮ ಗುಂಡಿ ಒತ್ತಿದಳು. ಪರದೆಯ ಹೆಂಗಸಿನ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಮತ್ತೆ ಒತ್ತಿದಳು, ಮತ್ತೆ ಇಳಿಯಿತು. ಧಣಿ ಮೇಜಿಗೆ ತಲೆಯಿಟ್ಟು ಶೀತದ ದನಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಾವಲುಗಾರರು ನಿಧಾನಕ್ಕೆ ಬಂದು ಅವಳನ್ನು ಹೊರಗೆ ಹಾಕಿದರು. ಆಟ ಮುಗಿಯಿತು ಎಂದು ಪರದೆ ಹೇಳಿತು.

ಇದೇನಿದು ಎಂದು ಘೋಷಣೆ ಹೆಡ್‌ಫೋನಿನ ಕಡೆ ತಿರುಗಿದಳು. ಶೀಟು ಹೊರಬಂತು, ಅಡ್ಡಗೆರೆ ಕಂಡಿತು. ಪಾಪ ಅಂದರೆ ಮಾಡಿದ ಪಾಪ ಎಂದು ಅವಳು, ಅಯ್ಯೋ ಪಾಪ ಎಂದುಕೊಂಡೆನಲ್ಲ ಎಂದು ಸ್ವಲ್ಪ ಸಾರ್. ಅವನು ಅನ್ಯಾಯ ಮಾಡಿದಷ್ಟೂ ನೋಡುವವರ ಕನಿಕರ ಹೆಚ್ಚುತ್ತಿದೆ, ಇದು ವಿಚಿತ್ರ ಅಂತ ನಿನಗೂ ಅನ್ನಿಸಲಿಲ್ಲವೇ ಎಂದು ಘೋಷಣೆ ಹೆಡ್‌ಫೋನನ್ನು ಕೇಳಿದಳು.

"ಇಲ್ಲಕ್ಕ," ಎಂದಳು ಅವಳು. "ಟೀವಿ ನ್ಯೂಸಲ್ಲಿ ಹಂಗೇ ಅಲ್ವಾ."

ಮೇಡಂ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇದೇ, ನನಗೆ ಬೇಕಿದ್ದದ್ದು ಇದೇ ಎಂದರು. ಘೋಷಣೆ ಚೀಲ ಹೆಗಲಿಗೇರಿಸಿದಳು. ಆ ಬಾಲ್ಯದ ಒಂದಕ್ಷರವೂ ಉಳಿಯಬಾರದು, ಉಳಿದರೆ ನಾನು ಉಳಿಯುವುದಿಲ್ಲ ಎಂದಳು. ದೊಣ್ಣೆ ಏಟು ತಿಂದು ಮೆಟ್ಟಿಲಿಳಿದ ಹೆಂಗಸನ್ನು ಕರೆತಂದು ಕೂರಿಸಿ ನೀವು ಅವಳ ಕೈಯನ್ನೇ ಇಳಿಸಿದಿರಿ ಎಂದಳು.

ಅಮ್ಮ ಇನ್ನೂ ಕಂಟ್ರೋಲರು ಹಿಡಿದುಕೊಂಡೇ ಇದ್ದಳು.

"ದೊಣ್ಣೆ ಏಟು ಯಾರೂ ತಿಂದಿಲ್ಲ ಕಣೇ," ಎಂದಳು. "ಅವತ್ತೂ ಹಿಂಗೇ ಆಗಿದ್ದು."

ಚೀಲ ಹೆಗಲಲ್ಲೇ ಉಳಿಯಿತು. ಅಮ್ಮ ಪರದೆಯನ್ನೇ ನೋಡುತ್ತ ಹೇಳಿದಳು. ನಲವತ್ತು ಜನ ಕೋಣೆಗೆ ನುಗ್ಗಿದ್ದು ನಿಜ. ಬೀಗದ ಕೈ ಮೇಜಿನ ಮೇಲೇ ಇತ್ತು, ಕೈ ಚಾಚಿದ್ದರೆ ಸಿಗುತ್ತಿತ್ತು. ಧಣಿ ಕುರ್ಚಿಯಲ್ಲಿ ಕುಸಿದು ಅಳಲು ಶುರು ಮಾಡಿದ. ತಾಯಿಯ ಮುಖ ನೋಡಿದ ನೆನಪಿಲ್ಲ ಎಂದ, ಅಪ್ಪ ಹೊಡೆದ ಕಲೆ ಎಂದು ಅಂಗಿ ಸರಿಸಿ ಬೆನ್ನು ತೋರಿಸಿದ. ಒಬ್ಬಳು ಅಯ್ಯೋ ಎಂದಳು, ಇನ್ನೊಬ್ಬಳು ನೀರು ತಂದುಕೊಟ್ಟಳು. ಅಮ್ಮ ಕರ್ಚೀಫು ಕೊಟ್ಟಳು. ಬಂದ ಕೆಲಸದ ಮಾತು ಎತ್ತಲು ಯಾರಿಗೂ ಬಾಯಿ ಬರಲಿಲ್ಲ. ನಲವತ್ತು ಜನವೂ ಸಾವಿನ ಮನೆಯಿಂದ ಹೊರಡುವವರ ಹಾಗೆ ಸದ್ದಿಲ್ಲದೆ ಮೆಟ್ಟಿಲಿಳಿದು ಬಂದರು. ಕಾವಲುಗಾರರು ಗೇಟಿನವರೆಗೂ ಬಂದು ಬಿಟ್ಟುಹೋದರು. ಮಾರನೇ ದಿನ ಧಣಿ ಊರಲ್ಲೇ ಇರಲಿಲ್ಲ.

"ಮತ್ತೆ ದೊಣ್ಣೆ ಅಂದೆಯಲ್ಲ," ಎಂದಳು ಘೋಷಣೆ. ಅವಳ ದನಿ ನಲವತ್ತು ಹೆಜ್ಜೆಯಿರಲಿ, ನಾಲ್ಕು ಹೆಜ್ಜೆಗೂ ಕೇಳಿಸುವಂತಿರಲಿಲ್ಲ.

"ಏನಂತ ಹೇಳ್ಲಿ ನಿಂಗೆ, ಕರ್ಚೀಫು ಕೊಟ್ಟು ಬಂದ್ವಿ ಅಂತಲಾ? ಏಟು ತಿಂದು ಬಂದ್ವಿ ಅಂದ್ರೆ ಮರ್ಯಾದೆ ಇತ್ತು. ಎರಡು ದಿನ ಬಿಟ್ಟು ನಿಜ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಪದ್ಯ ಬರೆದ್ಬಿಟ್ಟೆ. ಚೆನ್ನಾಗಿತ್ತು ಬೇರೆ."

ಕನ್ನಡಕದಂಗಡಿಯವರು ಕೆಮ್ಮಿದರು. ಇಪ್ಪತ್ತು ವರ್ಷದಲ್ಲಿ 'ದೊಣ್ಣೆ' ಪದ್ಯವನ್ನು ಘೋಷಣೆ ಎಷ್ಟು ವೇದಿಕೆಗಳಲ್ಲಿ ಓದಿರಬಹುದು. ಆ ಚಪ್ಪಾಳೆಯೆಲ್ಲ ಈಗ ಒಂದು ಕರ್ಚೀಫಿನ ಮೇಲೆ ಬಂದು ಕೂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೈಗೆ ಸಿಕ್ಕಿದ ಪೆನ್ನಿನ ಮುಚ್ಚಳ ಕಚ್ಚಿದಳು. ಆಮೇಲೆ, ಹಾಗಾದರೆ ನಾನು ಹೇಳಿದ್ದೇ ಸರಿ, ಅವನ ಕಥೆ ಸುಳ್ಳು, ಕಿತ್ತು ಬಿಸಾಕಿ ಎಂದಳು.

ಸುಳ್ಳಲ್ಲ ಎಂದಳು ಅಮ್ಮ. ದೊಡ್ಡ ಧಣಿ ಮಗನನ್ನು ಹೊಡೆಯುತ್ತಿದ್ದದ್ದು ಹಳೇ ಕೆಲಸಗಾರರಿಗೆಲ್ಲ ಗೊತ್ತಿತ್ತು. ಬೆನ್ನಿನ ಕಲೆಯೂ ನಿಜವೇ. ನಿಜವಾದ್ದರಿಂದಲೇ ಕೈ ಏಳಲಿಲ್ಲ, ಸುಳ್ಳಾಗಿದ್ದರೆ ಅಲ್ಲೇ ಎರಡು ಬಾರಿಸಿ ಬರುತ್ತಿದ್ದೆವು.

"ಕಥೆ ಇರ್ಲಿ," ಎಂದಳು. "ಗೇಟು ತೆಗೆದ್ಮೇಲೆ ಹೇಳ್ಲಿ."

ಗೇಟು ತೆಗೆದ ಮೇಲೆ ಹೇಳಿದರೆ ಏನು ಪ್ರಯೋಜನ ಎಂದು ಮೇಡಂ ಕೇಳಿದರು. ಆಡುವವರು ಹೊಡೆಯಲೋ ಬೇಡವೋ ಎಂದು ಒದ್ದಾಡಬೇಕು, ಕಥೆ ಇರುವುದೇ ಅದಕ್ಕೆ.

"ಪ್ರಯೋಜನಕ್ಕೆ ಅಂತ ಹೇಳ್ಕೊಂಡ್ರೆ ಅದು ಕಷ್ಟ ಅಲ್ಲಮ್ಮ, ಅರ್ಜಿ," ಎಂದಳು ಅಮ್ಮ.

ಸ್ವಲ್ಪ ಸಾರ್ ಮೆಲ್ಲಗೆ, ಎಲ್ಲ ಮುಗಿದ ಮೇಲೆ ತಮ್ಮ ಎಂಟು ನಿಮಿಷವನ್ನು ಯಾರು ಕೂತು ಕೇಳುತ್ತಾರೆ ಎಂದರು. ನಾನು ಕೇಳುತ್ತೇನೆ ಎಂದಳು ಅಮ್ಮ.

ಹೆಡ್‌ಫೋನು ಯಾರ ಅಪ್ಪಣೆಗೂ ಕಾಯದೆ ಕೀಲಿಮಣೆಗೆ ಬಗ್ಗಿದ್ದಳು. ಹುಡುಗನ ತುಣುಕುಗಳನ್ನೆಲ್ಲ ಎತ್ತಿ ಗೇಟಿನ ಆಚೆಗೆ ಇಟ್ಟಳು, ಅಡ್ಡಗೆರೆ ಹೊಡೆದ ಸಾಲನ್ನು ಮತ್ತೆ ಎಬ್ಬಿಸಿದಳು. ಹತ್ತು ನಿಮಿಷ ಹಿಡಿಯಿತು. ಮೇಡಂ ಹೊರಡಲೆಂದು ಎದ್ದವರು ಗೋಡೆಗೊರಗಿ ನಿಂತರು.

ಈ ಸಲ ಅಮ್ಮ ಅವಸರ ಮಾಡಲಿಲ್ಲ. ಧಣಿಯ ಕೋಣೆ ಹೊಕ್ಕು, ಕೊಡ ತುಂಬಿದೆಯೋ ಎಂದು ಒಮ್ಮೆ ನೋಡಿ, ಗುಂಡಿ ಒತ್ತಿದಳು. ಬಾಬಿನ್ನು ಧಣಿಯ ಹಣೆಗೆ ಸರಿಯಾಗಿ ಬಿತ್ತು. ಕನ್ನಡಕದಂಗಡಿಯವರು ತಮ್ಮ ಹಣೆ ಮುಟ್ಟಿಕೊಂಡರು. ಬೀಗದ ಕೈ ಸಿಕ್ಕಿತು. ಮೂರು ಮಹಡಿ ಇಳಿದು ಬಂದಳು. ಗೇಟಿನ ಮುಂದೆ ಬಂದಾಗ ಅವಳ ಹೆಬ್ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು.

ಗೇಟು ತೆರೆಯಿತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ನಡೆದರು.

ಧಣಿ ಬಂದು ಮೆಟ್ಟಿಲ ಮೇಲೆ ಕೂತು ಬಾಲ್ಯ ಶುರು ಮಾಡಿದ. ಅಮ್ಮ ಕಂಟ್ರೋಲರು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದಳು. ತಾಯಿ ಸಾಯುವಲ್ಲಿ ಅವಳ ಕಣ್ಣು ತುಂಬಿತು, ಬೆಲ್ಟಿನ ಕಡೆ ಲೊಚಗುಟ್ಟಿದಳು. ಐದನೇ ನಿಮಿಷಕ್ಕೆ ಸ್ವಲ್ಪ ಸಾರ್ ಆಕಳಿಸಿ, ಸ್ವಲ್ಪ ಉದ್ದವಾಯಿತೇನೋ ಎಂದರು. ಸುಮ್ಮನಿರಿ, ಹೇಳುತ್ತಿದ್ದಾನೆ ಎಂದು ಅಮ್ಮ ಗದರಿದಳು. ಕಥೆ ಮುಗಿದ ಮೇಲೆ ಮೂಗು ಒರೆಸಿಕೊಂಡು, ಕಂಟ್ರೋಲರಿನ ಕೋಲು ತಿರುಗಿಸಿ ಗೇಟಿನ ಒಳಗೆ ನೋಡಿದಳು. ಒಳಗೆ ಬರೀ ಬೂದು ಬಣ್ಣ. ಒಳ ಹೋದವರಲ್ಲಿ ಒಬ್ಬಳೂ ಕಾಣಲಿಲ್ಲ.

"ಇವರೆಲ್ಲ ಎಲ್ಲಿ ಹೋದ್ರು?"

"ಒಳಗಡೆ ಏನೂ ಮಾಡಿಲ್ಲ ಅಮ್ಮ," ಎಂದಳು ಹೆಡ್‌ಫೋನು. "ಶೀಟಲ್ಲಿ ಗೇಟಿನ ತನಕ ಮಾತ್ರ ಇತ್ತು."

ಎಲ್ಲರೂ ಘೋಷಣೆಯ ಕಡೆ ನೋಡಿದರು. ಶೀಟು ಬರೆದವಳು ಅವಳೇ. ಅಷ್ಟು ವರ್ಷ ಫಲಕಗಳ ಮೇಲೂ ಅವಳು ಗೇಟು ತೆಗೆಯಿರಿ ಎಂದೇ ಬರೆದಿದ್ದಳು, ತೆಗೆದವರು ಒಳಗೆ ಹೋಗಿ ಏನು ಮಾಡಬೇಕು ಎಂಬುದಕ್ಕೆ ಹಲಗೆಯಲ್ಲಿ ಜಾಗ ಇರುತ್ತಿರಲಿಲ್ಲ. ಅವಳು ಚೀಲ ಕೆಳಗಿಟ್ಟು, ಕುರ್ಚಿ ಎಳೆದು ಅಮ್ಮನ ಪಕ್ಕ ಕೂತು, ಹೊಸ ಶೀಟು ತೆಗೆದಳು. ಒಳಗೆ ಹೋದ ತಕ್ಷಣ ಏನು ಕಾಣುತ್ತದೆ ಎಂದು ಕೇಳಿದಳು.

ಕಾಣುವುದು ಆಮೇಲೆ, ಮೊದಲು ಸದ್ದು ಎಂದಳು ಅಮ್ಮ. ಯಂತ್ರ ಶುರುವಾದರೆ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ, ಮಾತೆಲ್ಲ ಕೈಯಲ್ಲೇ. ಎಡಕ್ಕೆ ಹತ್ತಿಯ ಕೋಣೆ, ಗಾಳಿಯ ತುಂಬ ಹತ್ತಿ, ಸಂಜೆಗೆ ಎಲ್ಲರ ಹುಬ್ಬೂ ಬೆಳ್ಳಗೆ. ನಲ್ಲಿ ಬಲಗಡೆ ಮೂಲೆಯಲ್ಲಿ. ಅಲ್ಲಲ್ಲ, ಇನ್ನೂ ಸ್ವಲ್ಪ ಹಿಂದೆ, ಅಲ್ಲಿ ಹಾಕಿದರೆ ನೆಲ ಒದ್ದೆಯಾಗಿ ಜಾರಿ ಬೀಳುತ್ತಾರೆ. ಘೋಷಣೆ ಬರೆದುಕೊಂಡಳು. ಅವಳ ವಾಕ್ಯಗಳು ಐದು ಪದ ದಾಟಿ, ಹತ್ತು ದಾಟಿ, ಸಾಲಿನಿಂದ ಸಾಲಿಗೆ ಇಳಿಯತೊಡಗಿದವು. ಅಮ್ಮ ಎದ್ದು ನಿಂತು, ಮೂರು ಬೆರಳು ಮಡಚಿ ಕಿವಿಯ ಪಕ್ಕ ಎರಡು ಸಲ ತಿರುಗಿಸಿ ತೋರಿಸಿದಳು. ಇದೂ ಬೇಕು ನೋಡು ಎಂದಳು.

ಹಾಗೆಂದರೇನು ಎಂದು ಮೇಡಂ ಗೋಡೆ ಬಿಟ್ಟು ಹತ್ತಿರ ಬಂದರು.

"ಮೇಲಿನೋರು ಬರ್ತಿದಾರೆ, ನಗು ನಿಲ್ಸಿ, ಕೆಲಸ ಮಾಡೋ ಹಂಗೆ ಮುಖ ಮಾಡ್ಕೊಳ್ಳಿ ಅಂತ."

ಸ್ವಲ್ಪ ಸಾರ್ ಹತ್ತಿರ ಹೋಗಿ ಹೆಡ್‌ಫೋನಿನ ಭುಜ ತಟ್ಟಿದರು. ಅವಳು ಹೆಡ್‌ಫೋನು ಕಿವಿಯಿಂದ ಇಳಿಸಿದಳು. ಈ ಸನ್ನೆ ಆಫೀಸಿನಲ್ಲಿ ಯಾರಿಗೂ ಕಲಿಸಬೇಡಿ ಎಂದು ಅಮ್ಮನಿಗೆ ಸ್ವಲ್ಪ ಹೇಳಮ್ಮ ಎಂದರು. ಅವರ ಬೆನ್ನ ಹಿಂದೆ ಚಿತ್ರ ಬಿಡಿಸುವವನು ಆಗಲೇ ಮೂರು ಬೆರಳು ಮಡಚಿಕೊಂಡು, ತಿರುಗಿಸುವುದು ಬಲಕ್ಕೋ ಎಡಕ್ಕೋ ಎಂದು ಅಮ್ಮನನ್ನು ಕೇಳುತ್ತಿದ್ದ.